ಕಾರಿನ ಹೊಟ್ಟೆಯಡಿಯ ಪೈಪು

ಬೆಂಗಳೂರಿನ ಸಂಜಯನಗರದ ಮುಖ್ಯರಸ್ತೆಯಿಂದ ಗೆದ್ದಲಹಳ್ಳಿ, ಭೂಪಸಂದ್ರದ ಕಡೆ ಹೊರಳುವ ಅಡ್ಡರಸ್ತೆಗಳಲ್ಲಿ ಒಂದು ಕಾಲಕ್ಕೆ ಗ್ಯಾರೇಜೆಂದರೆ ತಗಡಿನ ಸೂರು, ನೆಲದಲ್ಲಿ ತೋಡಿದ ಗುಂಡಿ. ಗುಂಡಿಗಿಳಿದ ಮೆಕ್ಯಾನಿಕ್ ಪ್ರೀಮಿಯರ್ ಪದ್ಮಿನಿಯ ತಳದಲ್ಲಿ ತುಕ್ಕು ತಿಂದ ಪೆಟ್ರೋಲ್ ಪೈಪನ್ನು ತಡವಿ ಹುಡುಕಿ, ತೂತುಬಿದ್ದಷ್ಟನ್ನು ಕತ್ತರಿಸಿ, ಗೇಣುದ್ದ ರಬ್ಬರ್ ಹೋಸ್ ಸೇರಿಸಿ, ಎರಡೂ ತುದಿಗೆ ಕ್ಲಿಪ್ ಬಿಗಿಯುತ್ತಿದ್ದ. ಈ ತೇಪೆಯನ್ನು ಇಂದು ಹಳಿಯುವುದು ಅನ್ಯಾಯ, ಅಂದಿನ ಕಾರಿಗೆ ಅದು ತಕ್ಕ ರಿಪೇರಿಯೇ ಆಗಿತ್ತು. ಆದರೆ ಈಗ ಹಳೆಯದಾಗಿರುವ ಕಾರುಗಳಿಗೆ ಅದು ಸಲ್ಲದು. ಟ್ಯಾಂಕಿನಿಂದ ಎಂಜಿನ್‌ವರೆಗೆ ಪೈಪು ಇಡಿಯಾಗಿಯೇ ಬದಲಾಗಬೇಕು.

ಕಾರಣ ಪಂಪಿನ ಜಾಗದಲ್ಲಿದೆ. ಪದ್ಮಿನಿಯಲ್ಲೂ ಕಾರ್ಬುರೇಟರ್ ಇದ್ದ ಮಾರುತಿ 800ರಲ್ಲೂ ಪಂಪು ಎಂಜಿನ್ನಿಗೇ ಅಂಟಿಕೊಂಡಿತ್ತು, ಪೆಟ್ರೋಲನ್ನು ಹಿಂದಿನಿಂದ ಹೀರಿಕೊಳ್ಳುತ್ತಿತ್ತು. ತಳದ ಪೈಪಿನಲ್ಲಿ ಸಣ್ಣ ತೂತಾದರೆ ಗಾಳಿ ಒಳಗೆ ನುಗ್ಗಿ ಕಾರು ಮುಗ್ಗರಿಸುತ್ತಿತ್ತು. ಹೆಚ್ಚೆಂದರೆ ನಿಲ್ಲಿಸಿದಾಗ ನಾಲ್ಕು ಹನಿ ತೊಟ್ಟಿಕ್ಕುತ್ತಿತ್ತು. 2000ದ ಆಸುಪಾಸಿನಲ್ಲಿ ಎಂಪಿಎಫ್‌ಐ ಎಂಬ ಇಂಜೆಕ್ಷನ್ ವ್ಯವಸ್ಥೆ ಬಂದಾಗ ಪಂಪು ಟ್ಯಾಂಕಿನೊಳಗೆ ಹೋಯಿತು. ಹೀರುವ ಪೈಪು ದೂಡುವ ಪೈಪಾಯಿತು, ಒತ್ತಡ ಸುಮಾರು 3 ಬಾರ್‌ಗೆ ಏರಿತು. ಇಲ್ಲಿ ಸೂಜಿಮೊನೆಯಷ್ಟು ತೂತಾದರೂ ಪೆಟ್ರೋಲ್ ತುಂತುರಾಗಿ ಚಿಮ್ಮುತ್ತದೆ, ಅದೇ ತಳದಲ್ಲಿ ಬಿಸಿ ಸೈಲೆನ್ಸರ್ ಪೈಪೂ ಹಾದುಹೋಗುತ್ತದೆ. ಮಾರುತಿ 800ರ ಮಾರಾಟ ಬೆಂಗಳೂರಿನಲ್ಲಿ ನಿಂತದ್ದು 2010ರಲ್ಲಿ. ಅಂದರೆ ಇಲ್ಲಿ ಕೊಂಡ ಆ ಕಾರುಗಳಲ್ಲಿ ಕೊನೆಯದಕ್ಕೂ ಹದಿನೈದು ತುಂಬಿದೆ.

ಪೈಪು ತೂತಾಗುವುದೆಲ್ಲ ಪೆಟ್ರೋಲಿಗೆ ಬೆರೆಸುವ ಎಥೆನಾಲಿನ ದೋಷ ಎಂಬ ಮಾತು ಈಗ ಹೆಚ್ಚು ಕೇಳಿಬರುತ್ತದೆ. 2023ರ ಫೆಬ್ರುವರಿಯಲ್ಲಿ ಶೇ. 20ರ ಮಿಶ್ರಣಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಹಳೆಯ ಕಾರಿನವರ ಅಳಲು ನ್ಯಾಯವಾದದ್ದು: ಅವರ ಕಾರು ತಯಾರಾದಾಗ ಇಂಥ ಇಂಧನದ ಲೆಕ್ಕವೇ ಇರಲಿಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಯಿಸಬಲ್ಲದು, ನೀರನ್ನೂ ಹೀರಿಕೊಳ್ಳುತ್ತದೆ. ಆದರೂ ಉಕ್ಕಿನ ಪೈಪನ್ನು ಹೊರಗಿನಿಂದ ತಿನ್ನುವುದು ಮಳೆಗಾಲದ ಕೆಸರು. ಪೈಪನ್ನು ತಳಕ್ಕೆ ಹಿಡಿದಿಡುವ ಕ್ಲಿಪ್ಪುಗಳ ಸಂದಿಯಲ್ಲಿ ಅದು ವರ್ಷಗಟ್ಟಲೆ ಒದ್ದೆಯಾಗಿ ಕೂತಿರುತ್ತದೆ, ಮೊದಲ ತೂತು ಬೀಳುವುದೂ ಹೆಚ್ಚಾಗಿ ಅಲ್ಲೇ. ಒಂದು ಕಡೆ ತೂತಾಯಿತೆಂದರೆ ಉಳಿದ ಕ್ಲಿಪ್ಪುಗಳಡಿಯೂ ಲೋಹ ತೆಳುವಾಗಿದೆ ಎಂದೇ ತಿಳಿಯಬೇಕು. ತೇಪೆ ಹಾಕಬಾರದೆನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ ಎನ್ನುವವರುಂಟು. ಅದು ಅಳೆಯುವುದು ಹೊಗೆಯನ್ನು, ಪೈಪನ್ನಲ್ಲ. ಇನ್ನು ಖರ್ಚಿನ ಮಾತು. ಇಷ್ಟು ಹಳೆಯ ಗಾಡಿಗೆ ಇಷ್ಟು ಹಾಕಬೇಕೆ ಎಂಬ ಪ್ರಶ್ನೆ ನಿವೃತ್ತಿಯ ಹಣದಲ್ಲಿ ಕಾರು ಉಳಿಸಿಕೊಂಡವರಿಗೆ ಸಣ್ಣದಲ್ಲ. ಅಗ್ಗವೆಂದು, ಸಲೀಸಾಗಿ ಬಾಗುತ್ತದೆಂದು ತಾಮ್ರದ ಪೈಪು ಹಾಕಿಸುವುದುಂಟು. ಅದು ಅದುರಿ ಅದುರಿ ಗಡಸಾಗಿ ಸೀಳುತ್ತದೆ, ಪೆಟ್ರೋಲಿನಲ್ಲಿ ಅಂಟು ಕಟ್ಟುವುದನ್ನೂ ಚುರುಕುಗೊಳಿಸುತ್ತದೆ. ಖರ್ಚು ಉಳಿಸುವ ದಾರಿ ಬೇರೆ ಇದೆ. ಕಂಪನಿಯ ಪೈಪು ಸಿಗದಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಿಂದ ಅದೇ ಅಳತೆಯ ಉಕ್ಕಿನ ಪೈಪು ತಂದು, ಇಂಜೆಕ್ಷನ್ ಕಾರಿಗೆಂದೇ ಮಾಡಿದ ಹೋಸ್ ಮತ್ತು ಕ್ಲ್ಯಾಂಪ್ ಜೊತೆಗಿಟ್ಟುಕೊಂಡು ಕೆಲಸ ಹಿಡಿಯಬೇಕು. ಬ್ಯಾಟರಿ ಕಳಚಿ, ಒತ್ತಡ ಇಳಿಸಿ, ಹಳೆಯ ಪೈಪನ್ನು ಮುರಿಯದೆ ಬಿಚ್ಚಿ ನೆಲದ ಮೇಲೆ ಹಾಸಿ, ಅದರ ಪಕ್ಕದಲ್ಲೇ ಹೊಸದನ್ನು ಎಲ್ಲೂ ನೆಗ್ಗದಂತೆ ತಿರುವಿಗೆ ತಿರುವು ಬಗ್ಗಿಸುವ ಕೆಲಸಕ್ಕೆ ಗುಂಡಿಯ ಕಾಲದ ಕೈಗಳೇ ಈಗಲೂ ಬೇಕು.