ಹಾಲಿಲ್ಲದ ಅಡಿಗೆ

ರಾತ್ರಿಭೋಜನ ತ್ಯಾಗ, ಸೋಸಿದ ನೀರು, ಕಂದಮೂಲ ವರ್ಜನೆ ಮೊದಲಾದ ಶ್ರಾವಕರ ನಿಯಮಗಳಲ್ಲಿ ಹಾಲು ನಿಷಿದ್ಧವಲ್ಲ. ಆದರೂ ರಸಪರಿತ್ಯಾಗವೆಂಬ ತಪಸ್ಸಿನಲ್ಲಿ ಹೇಳಿದ ಆರು ರಸಗಳ ಪೈಕಿ ಹಾಲು, ಮೊಸರು, ತುಪ್ಪ ಮೂರೂ ಸೇರಿವೆ. ಅಲ್ಲಿಯ ಉದ್ದೇಶ ಇಂದ್ರಿಯನಿಗ್ರಹ. ಇಂದಿನ ತರುಣರು ಕೇಳುವ ಪ್ರಶ್ನೆ ಬೇರೆ. ಕರು ಕುಡಿದು ಉಳಿದ ಹಾಲಷ್ಟೇ ಮನೆಗೆ ಎಂಬುದು ಕೊಟ್ಟಿಗೆಯ ಧರ್ಮವೆನಿಸಿತ್ತು. ಈಗ ಹಾಲು ಪೊಟ್ಟಣದಲ್ಲಿ ಬರುತ್ತದೆ. ಉಳುಮೆಗೆ ಟ್ರ್ಯಾಕ್ಟರ್ ಬಂದಲ್ಲಿ ಗಂಡುಕರು ಯಾರಿಗೂ ಬೇಡವಾಗಿದೆ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಲೆಕ್ಕ ಯಾವ ಅಂಗಡಿಯಲ್ಲಿಯೂ ಸಲ್ಲದು.

ಒಂದು ಮನೆಯಲ್ಲಿ ಮೊಮ್ಮಗಳು ಹಾಲನ್ನು ತ್ಯಜಿಸಿದಾಗ ಅಜ್ಜಿ ನೊಂದುಕೊಂಡರು. "ಇಷ್ಟು ವರ್ಷ ನಾನು ಬಡಿಸಿದ ತುಪ್ಪ ಪಾಪವೇನಮ್ಮ?" ಎಂದರು. ಮೊಮ್ಮಗಳು ವಾದಿಸಲಿಲ್ಲ, ಹಾಲಿಲ್ಲದ ಪಾಯಸವನ್ನು ಕಲಿಸಿಕೊಡಬೇಕೆಂದು ಕೇಳಿದಳು. ಅಜ್ಜಿಗೆ ಅದು ಹೊಸದಾಗಿರಲಿಲ್ಲ. ಹೆಸರುಬೇಳೆಯನ್ನು ಹುರಿದು ಬೇಯಿಸಿ, ಬೆಲ್ಲ ಬೆರೆಸಿ, ತೆಂಗಿನಕಾಯಿಯ ಎರಡನೆಯ ಹಾಲಿನಲ್ಲಿ ಕುದಿಸಿದರು. ಮೊದಲ ಗಟ್ಟಿಹಾಲನ್ನು ಒಲೆಯಿಂದ ಇಳಿಸಿದ ಮೇಲೆಯೇ ಸೇರಿಸಿದರು. ಹೆಚ್ಚು ಕುದಿದರೆ ಅದು ಒಡೆಯುತ್ತದೆ. ಮಜ್ಜಿಗೆಹುಳಿಯ ಸೌತೆಕಾಯಿಗೆ ನೆನೆದ ಕಡಲೆಬೇಳೆ, ಕಾಯಿ ಅರೆದು ಹಾಕಿ, ಮಜ್ಜಿಗೆಯ ಬದಲು ಹುಣಿಸೆರಸ ಹಿಂಡಿದರು. ಒಗ್ಗರಣೆಗೆ ಕೊಬ್ಬರಿ ಎಣ್ಣೆಯಾಯಿತು. ಸಾರು, ಗೊಜ್ಜು, ಕೋಸಂಬರಿಗಳಿಗಂತೂ ತುಪ್ಪದ ಮಿಳ್ಳೆಯನ್ನು ದೂರವಿಟ್ಟರೆ ಸಾಕಾಯಿತು.

‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ತೆಂಗಿನ ಹಾಲಿನ ಪಾಯಸ ಅದಕ್ಕಿಂತ ಹಳೆಯದು. ತುಪ್ಪ ಬಡಿಸಿದ ಹಿರಿಯರನ್ನು ಮಾತಿನಿಂದ ನೋಯಿಸುವುದೂ ಹಿಂಸೆಯೇ. ಕರುವಿನ ಪಾಲನ್ನು ಕುರಿತು ಯೋಚಿಸದಿರುವುದೂ ಪ್ರಮಾದವೇ. ಶ್ರಾವಕರು ದಶಲಕ್ಷಣದ ಹತ್ತು ದಿನಗಳಲ್ಲಾದರೂ ಈ ಅಡಿಗೆಯನ್ನು ಮಾಡಿ ನೋಡಬಹುದು.