ತರಬೇತಿ ಮುಗಿದ ಮೇಲೆ ಉಳಿಯುವ ಪ್ರಶ್ನೆ

ವಿದ್ಯೆ ಮುಗಿಯಿತೆಂದು ಹೇಳುವುದು ಸುಲಭ. ಕಲಿತ ವಿದ್ಯೆ ಯಾವ ನೆಲದಲ್ಲಿ ಬೇರೂರಿತೆಂದು ಅರಿಯುವುದು ಕಷ್ಟ. ನನ್ನ ಅಣ್ಣನ ಮೊಮ್ಮಗಳು ಫಿಲಿಪ್ಪೀನ್ಸ್ ದೇಶದಲ್ಲಿ ಆರು ತಿಂಗಳ ಕೃಷಿ ಸಂಶೋಧನಾ ತರಬೇತಿಯನ್ನು ಪೂರೈಸಿ ಮರಳಿದಂದಿನಿಂದ ಈ ವಿಚಾರ ನನ್ನ ಮನಸ್ಸನ್ನು ಆವರಿಸಿಕೊಂಡಿದೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನನಗೆ ಭತ್ತದ ಶಾಸ್ತ್ರವನ್ನು ಈ ವಯಸ್ಸಿನಲ್ಲಿ ಕಲಿಸಿದವಳು ಆ ಹುಡುಗಿಯೇ.

ಮನಿಲಾ ನಗರದ ದಕ್ಷಿಣಕ್ಕೆ, ಮಾಕಿಲಿಂಗ್ ಪರ್ವತದ ತಪ್ಪಲಿನಲ್ಲಿ ಲೋಸ್ ಬಾನ್ಯೋಸ್ ಎಂಬ ಊರಿದೆ. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1960ರಲ್ಲಿ ಸ್ಥಾಪನೆಗೊಂಡುದು ಅಲ್ಲಿಯೇ. ಇಂಡೋನೇಷ್ಯಾದ ಎತ್ತರದ ತಳಿಯೊಂದನ್ನು ತೈವಾನಿನ ಗಿಡ್ಡ ತಳಿಯೊಡನೆ ಸಂಕರಗೊಳಿಸಿ, 1966ರಲ್ಲಿ ‘ಐಆರ್ 8’ ತಳಿಯನ್ನು ಲೋಕಕ್ಕಿತ್ತುದು ಈ ಸಂಸ್ಥೆ. ನಮ್ಮ ದೇಶದ ಎಂ. ಎಸ್. ಸ್ವಾಮಿನಾಥನ್ ಅವರು 1982ರಿಂದ 1988ರವರೆಗೆ ಅದರ ಮಹಾನಿರ್ದೇಶಕರಾಗಿದ್ದರು. ಅಲ್ಲಿಯ ಬೀಜಭಂಡಾರದಲ್ಲಿ ಲಕ್ಷಕ್ಕೂ ಮಿಗಿಲಾದ ಭತ್ತದ ಮಾದರಿಗಳು ಶೀತಲ ಕೋಣೆಗಳಲ್ಲಿ ಸುರಕ್ಷಿತವಾಗಿವೆ.

ನಮ್ಮ ಹುಡುಗಿಗೆ ದೊರೆತ ಕೆಲಸ ನೀರಿಗೆ ಸಂಬಂಧಿಸಿದುದು. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕೆಂಬುದು ರೂಢಿ. ಆದರೆ ರಂಧ್ರಗಳುಳ್ಳ ಒಂದು ಕೊಳವೆಯನ್ನು ಗದ್ದೆಯಲ್ಲಿ ಹುಗಿದು, ನೀರಿನ ಮಟ್ಟ ನೆಲದಿಂದ 15 ಸೆಂಟಿಮೀಟರು ಕೆಳಗಿಳಿದ ಮೇಲೆಯೇ ಮತ್ತೆ ನೀರು ಹಾಯಿಸಿದರೆ, ಇಳುವರಿ ಕುಗ್ಗದೆ ಶೇಕಡಾ 30ರವರೆಗೆ ನೀರು ಉಳಿಯಬಲ್ಲದು. ಹೂ ಬಿಡುವ ಕಾಲದಲ್ಲಿ ಮಾತ್ರ ಗದ್ದೆ ಒಣಗಬಾರದು. ನಿಂತ ನೀರಿನಡಿಯಲ್ಲಿ ಗಾಳಿಯಾಡದ ಮಣ್ಣಿನಿಂದ ಹೊಮ್ಮುವ ಮೀಥೇನ್ ಅನಿಲವೂ ಇದರಿಂದ ಬಹಳಷ್ಟು ತಗ್ಗುತ್ತದೆ. ಪ್ರತಿದಿನ ಬೆಳಿಗ್ಗೆ ಕೆಸರಿನಲ್ಲಿಳಿದು ಕೊಳವೆಗಳ ನೀರನ್ನು ಅಳೆದು ಬರೆದಿಡುವುದೇ ಅವಳ ಕಾಯಕವಾಗಿತ್ತು.

ತರಬೇತಿಯ ಕೊನೆಯ ವಾರ ಅವಳು ತನ್ನ ಅಳತೆಗಳನ್ನೆಲ್ಲ ಒಪ್ಪಿಸಿ, ವಿಜ್ಞಾನಿಗಳೆದುರು ವರದಿಯನ್ನು ಮಂಡಿಸಿ, ಪ್ರಮಾಣಪತ್ರ ಪಡೆದಳು. ಊರಿಗೆ ಬರುವಾಗ ಒಂದು ಹಿಡಿ ಹೊಸ ಬೀಜವನ್ನಾದರೂ ತರುವಳೆಂದು ಮನೆಮಂದಿ ಕಾದಿದ್ದರು. ಅವಳು ತರಲಿಲ್ಲ. ಬೀಜವು ದೇಶದಿಂದ ದೇಶಕ್ಕೆ ಸಾಗಬೇಕಾದರೆ ಒಪ್ಪಂದಪತ್ರ, ರೋಗರಹಿತವೆಂಬ ಪ್ರಮಾಣಪತ್ರ, ಇಲ್ಲಿಯ ತಪಾಸಣೆ ಇವೆಲ್ಲ ಕಡ್ಡಾಯ. ಕಣ್ಣಿಗೆ ಕಾಣದ ರೋಗವೊಂದು ಕೈಚೀಲದಲ್ಲಿ ಬಂದರೆ ನಾಡಿನ ಬೆಳೆಗೇ ಸಂಚಕಾರ. ಅವಳು ಬರಿಗೈಯಲ್ಲಿ ಬಂದುದನ್ನು ನಾನು ಅವಳ ವಿದ್ಯೆಯ ಮೊದಲ ಫಲವೆಂದೇ ಎಣಿಸಿದೆನು.

ನಿಜವಾದ ಪರೀಕ್ಷೆ ನಡೆದುದು ಮಾನ್ವಿ ಸೀಮೆಯ ನಮ್ಮ ಹೊಲದ ಬದುವಿನ ಮೇಲೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಯ ಭಾಗದ ರೈತರು ನಾವು. ಮಗಳ ಮಾತನ್ನೆಲ್ಲ ಕೇಳಿದ ಅವಳ ತಂದೆ ನಕ್ಕು, “ಗದ್ದೆ ಒಣಗಿಸೋದು ಕಲಿಯಾಕ ಅಷ್ಟು ದೂರ ಹೋಗಬೇಕಿತ್ತೇನವ್ವಾ? ನಮ್ಮ ಗದ್ದೆ ತಾವೇ ಒಣಗತಾವ” ಎಂದನು. ಅವಳು ನನ್ನತ್ತ ತಿರುಗಿ ಮೆಲ್ಲನೆ ಹೇಳಿದಳು: “ಮುತ್ಯಾ, ಅಪ್ಪ ಹೇಳೋದು ಖರೇ ಅದ. ನೀರು ಎಷ್ಟದ ಅಂತ ಕೊಳವೆ ತೋರಿಸತದ. ನಾಳೆ ನೀರು ಬರತದ ಅಂತ ಹೇಳೋರು ಯಾರು?”

ಎಂತಹ ಮಾತು! ಮರುದಿನ ನೀರು ಖಂಡಿತ ಸಿಗುವುದೆಂಬ ಭರವಸೆಯುಳ್ಳವನು ಮಾತ್ರ ಗದ್ದೆಯನ್ನು ಒಣಗಬಿಟ್ಟಾನು. ಭರವಸೆಯಿಲ್ಲದವನು ನೀರು ಬಂದಾಗ ತುಂಬಿಟ್ಟುಕೊಳ್ಳುತ್ತಾನೆ. ಅದನ್ನು ದುರಾಸೆಯೆಂದು ಜರಿಯುವುದು ನ್ಯಾಯವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಈ ಸೀಮೆಯ ರೈತರು ಅನುಭವಿಸಿದ ಆತಂಕವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಆರು ತಿಂಗಳ ಶ್ರಮ ವ್ಯರ್ಥವೇ? ಅಲ್ಲವೆಂದು ಅವಳೇ ತೋರಿಸಿದಳು. ಕೊಳವೆ ನೆಡಬೇಕಾದುದು ಕೊನೆಯವರ ಗದ್ದೆಯಲ್ಲಲ್ಲ, ಮೊದಲು ನೀರು ಪಡೆಯುವವರ ಗದ್ದೆಯಲ್ಲಿ. ಅಲ್ಲಿ ಉಳಿದ ನೀರು ಮುಂದೆ ಹರಿದರೆ ಕೆಳಗಿನವರಿಗೆ ದಕ್ಕೀತು. ಹೀಗೆ ವಿಚಾರಿಸಿ ಅವಳು ಕಾರಟಗಿಯ ಕಡೆ ಗದ್ದೆಯುಳ್ಳ ತನ್ನ ಸೋದರಮಾವನಲ್ಲಿಗೆ ಹೋದಳು. ಆತ ಎರಡು ದಿನ ಯೋಚಿಸಿ, ಒಂದೇ ಒಂದು ಮಡಿಯನ್ನು ಈ ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದಾನೆ. ಫಲವೇನೆಂಬುದು ಸುಗ್ಗಿಗೆ ತಿಳಿದೀತು.

ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ತಂದೆತಾಯಿಗಳಲ್ಲಿ ನನ್ನದೊಂದು ಅರಿಕೆ. ಅವರು ಮರಳಿದಾಗ ಏನು ತಂದಿರೆಂದಾಗಲಿ, ಎಷ್ಟು ಸಂಬಳದ ನೌಕರಿ ಸಿಕ್ಕೀತೆಂದಾಗಲಿ ಮೊದಲು ಕೇಳದಿರಿ. ಕಲಿತುದನ್ನು ಪರೀಕ್ಷಿಸಲು ಅವರಿಗೆ ನಿಮ್ಮ ಹೊಲದ ಒಂದು ಮೂಲೆಯನ್ನೂ ಒಂದು ಹಂಗಾಮಿನ ತಾಳ್ಮೆಯನ್ನೂ ಕೊಡಿರಿ. ಪರದೇಶದ ಪ್ರಮಾಣಪತ್ರಕ್ಕೆ ನಮ್ಮ ಮಣ್ಣಿನ ಮುದ್ರೆ ಬೀಳುವುದು ಆಗಲೇ.