ಕರಡಿ ಪೆಟ್ಟಿಗೆಯಲ್ಲಿ ಇಂಗು

ಉತ್ತರ ಕ್ಯಾಲಿಫೋರ್ನಿಯಾದ ಲ್ಯಾಸೆನ್ ವಾಲ್ಕ್ಯಾನಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಮ್ಯಾಂಜನೀಟಾ ಎಂಬ ಕೆರೆಯಿದೆ. ಪಕ್ಕದ ಪೈನ್ ತೋಪಿನಲ್ಲಿ ಬಿಡಾರ ಹೂಡಲು 179 ಜಾಗಗಳು. ಒಂದೊಂದಕ್ಕೂ ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಜೊತೆಗೆ ಒಂದು ಉಕ್ಕಿನ ಪೆಟ್ಟಿಗೆ. ಕಪ್ಪು ಕರಡಿಗಳ ಸೀಮೆಯಾದ್ದರಿಂದ ವಾಸನೆ ಬರುವ ಪದಾರ್ಥವೆಲ್ಲ ಅದರೊಳಗೆ ಹೋಗಬೇಕು. ಊಟತಿಂಡಿಯಷ್ಟೇ ಅಲ್ಲ, ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಕೂಡ ಎಂದು ಮಗಳು ಕೈಚಾಚಿ ನಿಂತಳು.

"ವಾಸನೆ ಇಲ್ಲದ್ದು ನಮ್ಮ ಹತ್ತಿರ ಏನಿದೆಯೇ?" ಎಂದಳು ನನ್ನ ಹೆಂಡತಿ.

ನ್ಯಾಯವಾದ ಪ್ರಶ್ನೆ. ಅವಳ ಚೀಲದಿಂದ ಒಂದೊಂದಾಗಿ ಹೊರಬಂದವು: ಮೈಸೂರು ಸ್ಯಾಂಡಲ್ ಸೋಪು, ಕೊಬ್ಬರಿ ಎಣ್ಣೆ, ಅಮೃತಾಂಜನ, ಎಲಡಿಕೆ ಸಂಚಿ, ಬೆಳಿಗ್ಗೆ ದೇವರ ಹೆಸರಿಗೆ ಹಚ್ಚಲೆಂದು ತಂದ ಊದಿನಕಡ್ಡಿ. ಆಮೇಲೆ ಸಾರಿನ ಪುಡಿ, ಚಟ್ನಿಪುಡಿ, ಡಬ್ಬಿಯೊಳಗೆ ಡಬ್ಬಿ ಇಟ್ಟರೂ ತಾನಿದ್ದೇನೆಂದು ಸಾರುವ ಇಂಗು. ಪೆಟ್ಟಿಗೆಯ ಚಿಲಕ ಜಾಣತನದ್ದು. ಒಂದು ತಗಡಿನ ಮರೆಯೊಳಗೆ ಬೆರಳು ತೂರಿಸಿ ಒಳಗಿನ ನಾಲಿಗೆಯನ್ನು ಮೀಟಬೇಕು. ಕರಡಿಯ ಪಂಜ ಅದರೊಳಗೆ ಹೋಗುವುದಿಲ್ಲ. ಸಂಧಿವಾತದ ನನ್ನ ಬೆರಳೂ ಸುಲಭಕ್ಕೆ ಹೋಗಲಿಲ್ಲ. ಮೊಮ್ಮಗಳು "ತಾತ, ಹೀಗೆ" ಎಂದು ಟಕ್ಕನೆ ತೆಗೆದು ತೋರಿಸಿದಳು. ಅಲ್ಲಿಂದ ಮುಂದೆ ಕಾಫಿಪುಡಿ ಬೇಕಾದಾಗಲೆಲ್ಲ ಅವಳ ಅಪ್ಪಣೆ ಬೇಕಾಯಿತು.

ಹೀಗೆ ನಮ್ಮ ಸಂಸಾರದ ಪರಿಮಳವೆಲ್ಲ ಬೀಗಕ್ಕೆ ಸೇರಿದ ಮೇಲೆ ಮೂಗಿಗೆ ಬಿಡುವಾಯಿತು. ಬಿಡುವಾದ ಮೂಗು ಎಂಥ ಸುಖ ಕೊಡುತ್ತದೆ ಎಂಬುದು ಅಗರಬತ್ತಿ, ಒಗ್ಗರಣೆ, ಡೀಸೆಲ್ಲುಗಳ ನಡುವೆಯೇ ಕಾಲ ಕಳೆದ ನನಗೆ ಗೊತ್ತೇ ಇರಲಿಲ್ಲ. ಮೊಮ್ಮಗಳು ರೇಂಜರಮ್ಮನಿಂದ ಕಲಿತು ಬಂದು, ಒಂದು ಜೆಫ್ರಿ ಪೈನ್ ಮರದ ತೊಗಟೆಯ ಸೀಳಿಗೆ ನನ್ನ ಮುಖ ಒತ್ತಿಸಿದಳು. ಬಿಸಿಲು ಬಿದ್ದು ಬೆಚ್ಚಗಾಗಿದ್ದ ಸೀಳು. ಒಳಗಿಂದ ವೆನಿಲಾ ಐಸ್‌ಕ್ರೀಮಿನ ಘಮ! ದಾರಿಹೋಕರು ನೋಡಿದರೆ ಮುದುಕ ಮರಕ್ಕೆ ಮುತ್ತಿಡುತ್ತಿದ್ದಾನೆ ಎಂದುಕೊಂಡಾರು, ಅಂದುಕೊಳ್ಳಲಿ. ಇಷ್ಟು ಸಾಧುವಾಗಿ ಘಮಘಮಿಸುವ ಮರದ ರಾಳದ ಎಣ್ಣೆ ಮಾತ್ರ ಬಹುಪಾಲು ಹೆಪ್ಟೇನ್, ಪೆಟ್ರೋಲಿನ ಜಾತಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಟರ್ಪೆಂಟೈನ್ ಸಿಗುತ್ತದೆಂದು ಅದನ್ನು ಬಟ್ಟಿ ಇಳಿಸಲು ಹೋದವರ ಹಂಡೆಗಳು ಸಿಡಿದದ್ದುಂಟು. ಪೆಟ್ರೋಲಿಗೆ ಆಕ್ಟೇನ್ ಅಂಕ ಕೊಡುವ ಲೆಕ್ಕದಲ್ಲಿ ಸೊನ್ನೆ ಎಂದು ಇಟ್ಟುಕೊಂಡದ್ದೂ ಈ ಹೆಪ್ಟೇನನ್ನೇ. ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರಿಗೆ ಸಂತೋಷ ಉಕ್ಕಲು ಇನ್ನೇನು ಬೇಕು? ಅಳಿಯ ಟೆಂಟಿನ ಗೂಟ ಹೊಡೆಯುತ್ತಲೇ ನನ್ನ ಪಾಠ ಪೂರ್ತಿ ಕೇಳಿದ. ಒಳ್ಳೆಯ ಹುಡುಗ.

ಸಂಜೆ ಬೆಂಕಿ. ಹೊರಗಿನ ಸೌದೆಯ ಜೊತೆ ಮರ ತಿನ್ನುವ ಹುಳಗಳೂ ಬಂದುಬಿಡುತ್ತವೆಂದು ಅಲ್ಲಿಯ ಅಂಗಡಿಯಲ್ಲೇ ಕಟ್ಟು ಕೊಂಡೆವು. ಮನೆಗೆ ಗ್ಯಾಸು ಬಂದಾಗ ಹೊಗೆಯ ಕಾಟ ತಪ್ಪಿತೆಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದ ನನ್ನ ಹೆಂಡತಿ, ಡಾಲರು ಕೊಟ್ಟು ಹೊಗೆ ಕುಡಿಯುವ ಈ ವೈಭವವನ್ನು ನೋಡಿ ನಕ್ಕಳು. ಆದರೆ ಒಲೆ ಹೊತ್ತಿಸಲು ಬಂದದ್ದು ಅವಳೊಬ್ಬಳಿಗೇ. ಸುಮಾರು 5,900 ಅಡಿ ಎತ್ತರದಲ್ಲಿ ನೀರು 94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಗ ಬೇಯುವ ಮಾತೇ ಇಲ್ಲ. ಕುಕ್ಕರು ತಂದಿದ್ದೆವು. ಅದರ ಮೊದಲ ಸೀಟಿಗೆ ಪಕ್ಕದ ಬಿಡಾರದ ನಾಯಿ ಎದ್ದು ನಿಂತಿತು, ಎರಡನೆಯದಕ್ಕೆ ಅದರ ಯಜಮಾನ. ಮೂರನೆಯದಕ್ಕೆ ಇಬ್ಬರೂ ಕುಳಿತರು.

ಕೆರೆಯ ಸುತ್ತ ಒಂದೂವರೆ ಮೈಲಿ ಚಿಲ್ಲರೆ ದಾರಿ. ಮೋಟಾರು ದೋಣಿ ಇಲ್ಲ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಎದುರಿಗೆ 10,457 ಅಡಿಯ ಲ್ಯಾಸೆನ್ ಶಿಖರ, ನೀರಿನಲ್ಲಿ ಅದರ ತಲೆಕೆಳಗಾದ ಪಡಿಯಚ್ಚು. ಇಷ್ಟು ಸೌಮ್ಯವಾಗಿ ಕಾಣುವ ಬೆಟ್ಟ 1915ರ ಮೇ 22ರಂದು ಸಿಡಿದಾಗ ಬೂದಿ ಆರು ಮೈಲಿಯಷ್ಟು ಮೇಲೆ ಹೋಗಿತ್ತು. ಲೂಮಿಸ್ ಎಂಬಾತ ಸ್ಫೋಟಗಳ ಫೋಟೊ ತೆಗೆದ. 1916ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಕೆರೆಯೂ ಗಲಾಟೆಯ ಕೂಸೇ: 300 ಚಿಲ್ಲರೆ ವರ್ಷಗಳ ಹಿಂದೆ ಪಕ್ಕದ ಗುಡ್ಡ ಕುಸಿದು ಬಂಡೆಗಳು ಉರುಳಿಬಂದು ತೊರೆಗೆ ಅಡ್ಡ ಬಿದ್ದವು, ನೀರು ನಿಂತಿತು. ಮತ್ತೆ ಕುಸಿದೀತೆಂದು 1974ರಲ್ಲಿ ಇಲ್ಲಿಯ ವಸತಿಗೃಹವನ್ನು ಮುಚ್ಚಿದ್ದರು. ಕರಡಿಗೆ ಪೆಟ್ಟಿಗೆ ಮಾಡಿದವರು ಗುಡ್ಡಕ್ಕೆ ಏನು ಮಾಡಿಯಾರು? ನಾವು ಸ್ವೆಟರ್ ತೊಟ್ಟು ನಿದ್ದೆ ಹೋದೆವು.

ಮರುದಿನ ಕಾರಿನಲ್ಲಿ ಘಟ್ಟ ಹತ್ತಿಳಿದು ಸಲ್ಫರ್ ವರ್ಕ್ಸ್ ನೋಡಲು ಹೋದದ್ದು. ರಸ್ತೆಯ ಪಕ್ಕದಲ್ಲೇ ಬೂದುಬಣ್ಣದ ಕೆಸರು ಗೊಳಗೊಳ ಕುದಿಯುತ್ತದೆ. ಗುಳ್ಳೆ ಉಬ್ಬಿ, ಹೊಳೆದು, ಒಡೆದು ಅಂಚಿಗೆ ಸಿಡಿಯುತ್ತದೆ. ಬಂದವರೆಲ್ಲ ಮೂಗು ಮುಚ್ಚಿ "ಕೊಳೆತ ಮೊಟ್ಟೆ" ಎನ್ನುತ್ತಿದ್ದರು. ಮೊಟ್ಟೆಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ನನ್ನ ಹೆಂಡತಿ ಸೆರಗು ಸರಿಸಿ, ಸಮಾಧಾನದಿಂದ ಒಂದು ಉಸಿರು ಎಳೆದು, "ಮುಚ್ಚಿಟ್ಟ ಮೂಲಂಗಿ ಹುಳಿ" ಎಂದಳು. ನೂರಕ್ಕೆ ನೂರು ಸರಿ. ಮೂಲಂಗಿಯಲ್ಲೂ ಇಂಗಿನಲ್ಲೂ ಮೂಗಿಗೆ ಬಡಿಯುವುದು ಗಂಧಕದ ಸಂಯುಕ್ತಗಳೇ. ಭೂಮಿಯ ಹೊಟ್ಟೆಯೊಳಗಿನದೂ ನಮ್ಮ ಅಡುಗೆಮನೆಯದೂ ಒಂದೇ ಗೋತ್ರ. ಮೊಮ್ಮಗಳು ಮಾತ್ರ ಆ ದಿನದಿಂದ ಮೂಲಂಗಿ ಮುಟ್ಟಿಲ್ಲ.

ಹೊರಟಾಗ ಕಾರಿನ ತುಂಬ ಸೌದೆ ಹೊಗೆಯ ಕಮಟು. ರೆಡ್ಡಿಂಗ್ ಊರಿನ ಹತ್ತಿರ ಅಳಿಯ ಕಿಟಕಿ ಇಳಿಸಿದ, ಧಗೆ ನುಗ್ಗಿತು. ಏರಿಸಿದ, ಹೊಗೆಯೇ ವಾಸಿ ಎನ್ನಿಸಿತು. ಮನೆ ಸೇರಿದ್ದೇ ಮಗಳು ಬಟ್ಟೆಯನ್ನೆಲ್ಲ ಮೆಷಿನ್ನಿಗೆ ತುಂಬತೊಡಗಿದಳು. ಮೊಮ್ಮಗಳು ತನ್ನ ಸ್ವೆಟರನ್ನು ಅದರ ಬಾಯಿಂದ ಎಳೆದುಕೊಂಡಳು. ಒಗೆಯದೆ ಶಾಲೆಗೆ ಹಾಕಿಕೊಂಡು ಹೋಗಬೇಕಂತೆ, ಗೆಳತಿಯರಿಗೆ ಮೂಸಿಸಲು. ಅಜ್ಜಿಗೆ ಇದು ಸುತರಾಂ ಒಪ್ಪಿಗೆಯಿಲ್ಲ.